ಕೊಟ್ಟ ಬಟ್ಟೆ

ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಸಮೀಪ, ಗರಗಸದ ಹಲ್ಲುಗಳಂತೆ ಶಿಖರಗಳೆದ್ದ ಮೊಂಟ್ಸೆರಾಟ್ ಎಂಬ ಬೆಟ್ಟವುಂಟು. ಅಲ್ಲಿ ಮಠಾಧಿಪತಿ ಓಲಿಬಾ 1025ರಲ್ಲಿ ಬೆನೆಡಿಕ್ಟೀನ್ ಸಂನ್ಯಾಸಿಗಳ ಮಠವನ್ನು ಸ್ಥಾಪಿಸಿದನು. ಕಪ್ಪುವರ್ಣದ ಮೇರಿಮಾತೆಯ ದರ್ಶನಕ್ಕೆ ಯಾತ್ರಿಕರು ಶತಮಾನಗಳಿಂದ ಬರುತ್ತಿದ್ದಾರೆ. 1811ರಲ್ಲಿ ನೆಪೋಲಿಯನ್ನನ ಸೈನ್ಯ ಸುಟ್ಟರೂ ಮಠ ಮತ್ತೆ ಎದ್ದಿತು.

ಈ ದೀರ್ಘ ಚರಿತ್ರೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಒಂದು ರಾತ್ರಿಯಲ್ಲಿ. 1522ರ ಮಾರ್ಚ್ 24ರಂದು, ಯುದ್ಧದಲ್ಲಿ ಗಾಯಗೊಂಡು ಚೇತರಿಸಿಕೊಂಡಿದ್ದ ಇಗ್ನೇಷಿಯಸ್ ಲೊಯೋಲನು ತನ್ನ ಬೆಲೆಬಾಳುವ ಉಡುಪನ್ನು ಭಿಕ್ಷುಕನೊಬ್ಬನಿಗಿತ್ತು, ಗೋಣಿಯಂತಹ ಅರಿವೆಯನ್ನುಟ್ಟು, ಮೂರ್ತಿಯ ಮುಂದೆ ಇರುಳೆಲ್ಲ ಜಾಗರಣೆ ಮಾಡಿದನು. ಖಡ್ಗವನ್ನೂ ಕಠಾರಿಯನ್ನೂ ಅಲ್ಲಿಯೇ ಬಿಟ್ಟನು. ಲೋಕ ನೆನೆಯುವುದು ಆ ಖಡ್ಗವನ್ನು. ಆದರೆ ಬೆಳಗ್ಗೆ ಬೆಟ್ಟದಿಂದ ಹೊರಟವನನ್ನು ಒಬ್ಬನು ಅವಸರದಿಂದ ಹಿಂಬಾಲಿಸಿ ಬಂದು, ಆ ಬಟ್ಟೆಗಳನ್ನು ಕೊಟ್ಟವರು ತಾವೇ ಹೌದೇ ಎಂದು ಕೇಳಿದನು. ಭಿಕ್ಷುಕನನ್ನು ಕಳ್ಳನೆಂದು ಪೀಡಿಸುತ್ತಿದ್ದರು! ಹೌದೆಂದ ಇಗ್ನೇಷಿಯಸನ ಕಣ್ಣು ತುಂಬಿತು.

ನಮ್ಮ ತಂದೆಯವರು ತೀರಿಕೊಂಡ ವರ್ಷ ಅವರ ಜರಿಯಂಚಿನ ಶಾಲನ್ನು ನಮ್ಮ ತೋಟದಲ್ಲಿ ದುಡಿಯುತ್ತಿದ್ದ ಮುದುಕನಿಗೆ ಕೊಟ್ಟೆ. ಕೊಟ್ಟೆನೆಂಬ ಹಿಗ್ಗೂ ಇತ್ತು. ಸಂತೆಯಲ್ಲಿ ಯಾರೋ ಅವನನ್ನು ತಡೆದು, ಇದು ನಿನಗೆಲ್ಲಿಯದೆಂದು ಗದರಿಸಿದರಂತೆ. ಸುದ್ದಿ ನನಗೆ ಮುಟ್ಟಿತು. ಬಿಸಿಲು ಹೆಚ್ಚಾಗಿತ್ತು, ನಾನು ಹೋಗಲಿಲ್ಲ. ಆ ಶಾಲನ್ನು ಅವನು ಮತ್ತೆ ಹೊದ್ದುದನ್ನು ನಾನು ಕಾಣಲಿಲ್ಲ.