ಬೂದಿ ಬಣ್ಣದ ಮೀನು

ದಸರಾ ರಜೆಯಲ್ಲಿ ನಾನು ಹಾಸನಕ್ಕೆ ಮಾವನ ಮನೆಗೆ ಹೋಗಿದ್ದೆ. ಬರುವಾಗ ಮಾವ ನನಗೆ ಮೂರು ಜೋಡಿ ಗಪ್ಪಿ ಮೀನು ಕೊಡಿಸಿದರು. ನೀರು ತುಂಬಿದ ಪ್ಲಾಸ್ಟಿಕ್ ಕವರನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಊರಿಗೆ ಬಂದೆ. ಗಾಜಿನ ಬಾಟಲಿಗೆ ಬಿಟ್ಟು ನೋಡಿದರೆ ಮೂರು ಮೀನು ಮಾತ್ರ ಚೆಂದ ಇದ್ದವು. ಪುಟ್ಟ ಮೈ, ಬೀಸಣಿಗೆಯಂಥ ಬಾಲ, ಬಾಲದ ತುಂಬಾ ಕೆಂಪು, ನೀಲಿ, ಹಳದಿ. ಇನ್ನು ಮೂರು ಅವಕ್ಕಿಂತ ದಪ್ಪ, ಬರೀ ಬೂದಿ ಬಣ್ಣ. ನಮ್ಮ ಕೆರೆಯಲ್ಲಿ ಕಾಲಿಗೆ ಮುತ್ತುವ ಮೀನಿನ ಹಾಗೇ ಇದ್ದವು.

"ಅಂಗಡಿಯವನು ಮೋಸ ಮಾಡವ್ನೆ ಕಣ್ರೋ, ಕೆರೆ ಮೀನು ಸೇರಿಸಿ ಕೊಟ್ಟವ್ನೆ" ಎಂದು ನಾನು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. ಅವತ್ತು ಸಂಜೆಯೇ ಎರಡನ್ನು ಹಿಡಿದು ಬೆಕ್ಕಿಗೆ ಹಾಕಿಬಿಟ್ಟೆ. ಮೂರನೆಯದನ್ನು ಹಿಡಿಯುವಾಗ ತಂಗಿ, "ಬೇಡ ಕಣಣ್ಣ, ಇದರ ಹೊಟ್ಟೇಲಿ ಏನೋ ಕಪ್ಪಗೆ ಐತೆ" ಎಂದು ಅತ್ತಳು. "ನಿಂಗೇನೇ ಗೊತ್ತು?" ಎಂದು ಬೈದೆ. ಅವಳು ಅದನ್ನು ಚೊಂಬಿಗೆ ಹಾಕಿ, ದಿನಾ ನೀರು ಬದಲಿಸಿ ಸಾಕಿದಳು.

ಹನ್ನೊಂದನೇ ದಿನ ಬೆಳಿಗ್ಗೆ ಅಮ್ಮ, "ಚೊಂಬಲ್ಲಿ ಹುಳ ಆಗವೆ, ಚೆಲ್ಲೋ" ಅಂದಳು. ಬಗ್ಗಿ ನೋಡಿದೆವು. ಹುಳ ಅಲ್ಲ! ಅಕ್ಕಿಕಾಳಿನಷ್ಟುದ್ದ ಮೀನಿನ ಮರಿಗಳು, ಕಣ್ಣೇ ದೊಡ್ಡದು. ಎಣಿಸಿದರೆ ಹದಿನಾಲ್ಕು.

ಚೊಂಬು, ಬಾಟಲಿ ಎರಡನ್ನೂ ವಿಜ್ಞಾನದ ಮೇಷ್ಟ್ರ ಮನೆಗೆ ಒಯ್ದೆ. ಅವರು ನಕ್ಕು, "ಗಪ್ಪೀಲಿ ಬಣ್ಣ ಇರೋದು ಗಂಡಿಗೆ ಕಣೋ. ನವಿಲು ನೋಡಿಲ್ವಾ?" ಅಂದರು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ಇರುತ್ತದೆ, ಬಸುರಿಯಾದಾಗ ಅದು ಎದ್ದು ಕಾಣುತ್ತದೆ. ಬಣ್ಣಕ್ಕಿಂತ ಹೊಟ್ಟೆಯ ಕೆಳಗೆ ಹಿಂದುಗಡೆ ಇರುವ ರೆಕ್ಕೆಯನ್ನು ನೋಡಬೇಕಂತೆ. ಗಂಡಿನದು ಕಡ್ಡಿಯಂತೆ ಸಪೂರ, ಹೆಣ್ಣಿನದು ಅಗಲ. ಬೆಳಕಿಗೆ ಹಿಡಿದು ನೋಡಿದೆ, ಹಾಗೇ ಇತ್ತು.

"ಹಂಗಾದ್ರೆ ಸೊಳ್ಳೆ ಮರಿ ತಿನ್ಲಿ ಅಂತ ನಮ್ಮ ಬಾವಿಗೆ ಬಿಟ್ಟಿರೋದೂ ಹೆಣ್ಣು ಗಪ್ಪೀನಾ ಸಾರ್?" ಎಂದು ಕೇಳಿದೆ. ಬಿಂದಿಗೆಯಲ್ಲಿ ಬಂದ ಒಂದನ್ನು ಮಾರನೇ ದಿನ ತಂದು ತೋರಿಸಿದೆ. ಅದರ ಬಾಲದ ಮೇಲೆ ಸಣ್ಣ ಕಪ್ಪು ಚುಕ್ಕೆಗಳ ಸಾಲು ಇತ್ತು. ಅದು ಗ್ಯಾಂಬೂಸಿಯಾ ಅಂತೆ, 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದದ್ದು. ಅದೂ ಮರಿ ಹಾಕುವ ಮೀನೇ. ಚುಕ್ಕೆ ಸಾಲು ನೋಡದಿದ್ದರೆ ನಾನು ಮತ್ತೆ ತಪ್ಪು ಹೇಳುತ್ತಿದ್ದೆ.

ಮೂರು ಜೋಡಿ ಅಂದರೆ ಮೂರು ಗಂಡು, ಮೂರು ಹೆಣ್ಣು. ಅಂಗಡಿಯವರು ಸರಿಯಾಗಿಯೇ ಕೊಟ್ಟಿದ್ದರು. ತರಗತಿಯಲ್ಲಿ ನಾನು ಅವರ ಬಗ್ಗೆ ಹೇಳಿದ್ದು ಸುಳ್ಳು, ಅದಕ್ಕೇ ಇದನ್ನು ಬರೆದೆ. ಬೆಕ್ಕಿಗೆ ಹಾಕಿದವುಗಳ ಹೊಟ್ಟೆಯಲ್ಲೂ ಮರಿ ಇದ್ದವೋ ಏನೋ, ನಾನು ಸರಿಯಾಗಿ ನೋಡಲೇ ಇಲ್ಲ.

ಮರಿಗಳಲ್ಲಿ ಐದನ್ನು ತಾಯಿಯೇ ತಿಂದಿತು. ಆಮೇಲೆ ಮೇಷ್ಟ್ರು ಹೇಳಿದಂತೆ ತಾಯಿಯನ್ನು ಬೇರೆ ಇಟ್ಟೆವು. ಉಳಿದ ಒಂಬತ್ತೂ ಈಗ ಬೂದಿ ಬಣ್ಣವೇ. ಗಂಡು ಯಾವುದೋ, ಹೆಣ್ಣು ಯಾವುದೋ ಇನ್ನೂ ತಿಳಿಯುತ್ತಿಲ್ಲ. ಹತ್ತಿರದಿಂದ ನೋಡೋಣ ಅಂದರೆ ತಂಗಿ ನನಗೆ ಚೊಂಬು ಮುಟ್ಟಲು ಬಿಡುವುದಿಲ್ಲ.