ಎಲೆ ಸುರುಳಿ ಸುತ್ತಿದರೆ ಬೆಳಿಗ್ಗೆ ಹೋಗಿ ನೋಡಿ

ಮಳೆ ಕೈಕೊಟ್ಟು ಹದಿನೈದು ದಿನವಾಗಿತ್ತು. ಹಾವೇರಿ ಕಡೆಯ ನಮ್ಮ ಹೊಲದಲ್ಲಿ ಗೋವಿನಜೋಳದ ಎಲೆ ಮಧ್ಯಾಹ್ನವಾಗುತ್ತಲೇ ಸುರುಳಿ ಸುತ್ತಿಕೊಳ್ಳುತ್ತಿತ್ತು. ಗೊಬ್ಬರದ ಅಂಗಡಿಯವರು ಮೊಬೈಲಿನಲ್ಲಿ ಫೋಟೋ ನೋಡಿ, ‘ಬೆಳಿ ಸುಸ್ತಾಗೈತಿ, ಟಾನಿಕ್ ಹೊಡೀರಿ’ ಅಂದರು. ಉದ್ರಿ ಬರೆದುಕೊಳ್ಳಲೂ ತಯಾರಿದ್ದರು. ಅಪ್ಪ ಹೂಂ ಅನ್ನುವುದರಲ್ಲಿದ್ದರು, ನಾನು ಒಂದು ದಿನ ತಡೆಯಿರಿ ಅಂದೆ.

ಮಣ್ಣು ಒಣಗಿದಾಗ ಗಿಡದೊಳಗೆ ಅಬ್ಸಿಸಿಕ್ ಆಮ್ಲ ಎಂಬ ರಾಸಾಯನಿಕ ಹೆಚ್ಚುತ್ತದೆ. ವಿಜ್ಞಾನಿಗಳಿಗೆ ಇದು ಸಿಕ್ಕಿದ್ದು 1960ರ ದಶಕದಲ್ಲಿ, ಹತ್ತಿಕಾಯಿ ಯಾಕೆ ಉದುರುತ್ತದೆ ಎಂದು ಹುಡುಕುವಾಗ. ಎಲೆಯ ಮೇಲೆ ಬರಿಗಣ್ಣಿಗೆ ಕಾಣದ ಸಣ್ಣ ಸಣ್ಣ ಬಾಯಿಗಳಿವೆ. ಪ್ರತಿ ಬಾಯಿಗೂ ತುಟಿಯಂತೆ ಎರಡು ಕಾವಲು ಕೋಶಗಳು. ಈ ಆಮ್ಲ ಅಲ್ಲಿಗೆ ಮುಟ್ಟಿದ ಮೇಲೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಅದರ ಬೆನ್ನಿಗೆ ನೀರೂ ಹೋಗುತ್ತದೆ. ಗಾಳಿ ಇಳಿದ ಟ್ಯೂಬಿನಂತೆ ಕೋಶ ಮೆತ್ತಗಾಗಿ ಬಾಯಿ ಮುಚ್ಚುತ್ತದೆ. ಇಷ್ಟೆಲ್ಲ ನಡೆಯಲು ಕೆಲವೇ ನಿಮಿಷ ಸಾಕು. ಎಲೆ ಸುರುಳಿ ಸುತ್ತುವುದೂ ಬಿಸಿಲಿಗೆ ಮೈ ಕಡಿಮೆ ಒಡ್ಡಲಿಕ್ಕೇ.

‘ಗಿಡಕ್ಕ ಅಷ್ಟು ಬುದ್ಧಿ ಐತೇನೋ?’ ಅಂದರು ಅಪ್ಪ. ಬುದ್ಧಿ ಅನ್ನಲು ನನಗೆ ಧೈರ್ಯವಿಲ್ಲ. ಲೆಕ್ಕ ಮಾತ್ರ ಐತಿ ಅಂದೆ.

ಈ ಲೆಕ್ಕದಲ್ಲಿ ನಷ್ಟವೂ ಇದೆ. ಬಾಯಿ ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಕಡಿಮೆಯಾಗಿ ಗಿಡ ಆಹಾರ ಮಾಡಿಕೊಳ್ಳುವುದೂ ಕುಗ್ಗುತ್ತದೆ. ಅದಕ್ಕೇ ಬೆಳವಣಿಗೆ ನಿಂತಂತೆ ಕಾಣುತ್ತದೆ. ಬಾಟಲಿಯಲ್ಲಿ ಏನೇ ಇರಲಿ, ಅದು ಬೇರಿನ ಬುಡಕ್ಕೆ ನೀರು ತರುವುದಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೇ ಇಬ್ಬರೂ ಹೊಲಕ್ಕೆ ಹೋದೆವು. ಎರೆ ಹೊಲದಲ್ಲಿ ಎಲೆಗಳೆಲ್ಲ ಬಿಚ್ಚಿಕೊಂಡಿದ್ದವು. ಅಂದರೆ ರಾತ್ರಿ ಬೇರಿಗೆ ಅಷ್ಟಿಷ್ಟು ನೀರು ಸಿಕ್ಕಿದೆ. ಮಸಾರಿ ಹೊಲದಲ್ಲಿ ಆ ತಂಪಿನಲ್ಲೂ ಸುರುಳಿ ಬಿಚ್ಚಿರಲಿಲ್ಲ. ಹೆದರಿಕೆಯಾಗಿದ್ದು ಅದನ್ನು ನೋಡಿ, ಯಾಕೆಂದರೆ ಮುಂಚೆ ಬಿತ್ತಿದ್ದ ಅಲ್ಲೇ ಸೂಲಂಗಿ ಒಡೆಯುತ್ತಿತ್ತು. ಈ ಹೊತ್ತಿಗೆ ನೀರು ತಪ್ಪಿದರೆ ತೆನೆಯ ಕೂದಲು ತಡವಾಗಿ ಹೊರಬರುತ್ತದೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ, ತೆನೆಯಲ್ಲಿ ಕಾಳು ಕಟ್ಟುವುದಿಲ್ಲ.

ನಮ್ಮ ಬೋರಿನಲ್ಲಿ ಎರಡೂ ಹೊಲಕ್ಕೆ ಆಗುವಷ್ಟು ನೀರಿಲ್ಲ. ಎರೆ ಹೊಲ ಇನ್ನಷ್ಟು ದಿನ ತಡೆಯುತ್ತದೆ ಎಂದು ಅಪ್ಪನೇ ತೀರ್ಮಾನಿಸಿ ಮಸಾರಿಗೆ ಪೈಪು ತಿರುಗಿಸಿದರು. ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ ಮಾತ್ರ. ಪೂರ್ತಿ ನೀರು ಮುಟ್ಟಿಸಲು ಮೂರು ರಾತ್ರಿ ನಿದ್ದೆ ಬಿಟ್ಟೆವು. ಟಾನಿಕ್ ಬಾಟಲಿ ಅಂಗಡಿಯಲ್ಲೇ ಉಳಿಯಿತು.