ಕತಾರ್‌ಗಾಮ್ ದರವಾಜೆಯ ಗುಮ್ಮಟಗಳು

ಸೂರತ್ತಿಗೆ ಬಂದು ಇಪ್ಪತ್ತೆರಡು ವರ್ಷಗಳಾದರೂ ಕತಾರ್‌ಗಾಮ್ ದರವಾಜೆಯ ಬಳಿಯಿರುವ ಆಂಗ್ಲರ ಸ್ಮಶಾನದೊಳಕ್ಕೆ ನಾವು ದಂಪತಿಗಳು ಕಾಲಿಟ್ಟಿರಲಿಲ್ಲ. ದೂರದಿಂದ ಕಂಡ ಗುಮ್ಮಟಗಳು ಯಾರೋ ನವಾಬರ ಗೋರಿಗಳಿರಬೇಕೆಂದು ತಿಳಿದಿದ್ದೆವು. ಕಳೆದ ಶ್ರಾವಣದಲ್ಲಿ ವಡೋದರೆಯಿಂದ ಬಂದ ಕನ್ನಡದ ಗೆಳೆಯರೊಬ್ಬರು, ಅವು ವ್ಯಾಪಾರಿಗಳವೆಂದು ನಕ್ಕು ನಮ್ಮನ್ನು ಕರೆದೊಯ್ದರು.

1613ರಲ್ಲಿ ಇಲ್ಲಿ ಕೋಠಿ ತೆರೆದ ಇಂಗ್ಲಿಷರು ಸತ್ತಾಗ ತಮ್ಮ ಹಳ್ಳಿಯ ಚರ್ಚಿನ ಅಂಗಳದ ಸರಳ ಕಲ್ಲಿಗೆ ತೃಪ್ತರಾಗಲಿಲ್ಲ. ಮೊಗಲ್ ಸರದಾರರಂತೆ ಕಮಾನು, ಗುಮ್ಮಟಗಳನ್ನು ಕಟ್ಟಿಸಿಕೊಂಡರು. ಎಲ್ಲಕ್ಕಿಂತ ಭವ್ಯವಾದುದು ಆಕ್ಸೆಂಡನ್ ಸಹೋದರರ ಎರಡಂತಸ್ತಿನ ಸ್ಮಾರಕ. ಕ್ರಿಸ್ಟೊಫರ್ ತೀರಿಕೊಂಡದ್ದು 1659ರಲ್ಲಿ. 1664ರಲ್ಲಿ ಶಿವಾಜಿಯ ಸೇನೆ ಪಟ್ಟಣವನ್ನು ಸೂರೆಗೊಂಡಾಗ ಕೋಠಿಯನ್ನು ಕಾಯ್ದ ಜಾರ್ಜ್ 1669ರಲ್ಲಿ ಅವನ ಜೊತೆ ಸೇರಿದ. ಸಮೀಪದಲ್ಲೇ ಡಚ್ಚರ ಸ್ಮಶಾನ. 'ಹೋರ್ಟಸ್ ಮಲಬಾರಿಕಸ್' ಸಿದ್ಧಪಡಿಸಿದ ವಾನ್ ರೀಡ್ 1691ರಲ್ಲಿ ತೀರಿಕೊಂಡಾಗ, ಆಕ್ಸೆಂಡನ್ನರನ್ನು ಮೀರಿಸಲೆಂದೇ ಅವನ ಗೋರಿಯನ್ನು ಕಟ್ಟಿದರೆನ್ನುತ್ತಾರೆ. ವ್ಯಾಪಾರದ ಪೈಪೋಟಿ ಮಣ್ಣಿನಡಿಗೂ ಇಳಿದಿತ್ತು!

ಕ್ರಿಸ್ಟೊಫರನ ಸಮಾಧಿಯ ಲ್ಯಾಟಿನ್ ಬರಹ ಜಮಾಖರ್ಚಿನ ಭಾಷೆಯಲ್ಲಿದೆಯೆಂದು ಗೆಳೆಯರು ವಿವರಿಸಿದರು. ಒಡೆಯರಿಗೆ ಸೇವಕನ ನಷ್ಟ, ಜೊತೆಗಾರರಿಗೆ ಸಂಗಾತಿಯ ನಷ್ಟ. ಎದುರು ಪುಟದಲ್ಲಿ ಲಾಭ ಬರೆದುಕೊಳ್ಳುವವನು ಸತ್ತವನೊಬ್ಬನೇ. ಜವಳಿ ಲೆಕ್ಕದಲ್ಲೇ ಕೂದಲು ನರೆತ ನಮಗೆ ಅದನ್ನು ಕೇಳಿ ನಗು ಬರಲಿಲ್ಲ.

ಮಳೆಗೆ ಕಪ್ಪುಗಟ್ಟಿದ ಗಾರೆಯನ್ನು ನೋಡುತ್ತ ನಿಂತಾಗ ನಮ್ಮವಳು ಮೆಲ್ಲನೆ, "ನಮ್ಮ ಮಾಳಿಗಿ ಮ್ಯಾಲಿಂದ ಕಂಡಂಗ ಐತಲ್ರೀ" ಎಂದಳು. ವಿಜಯಪುರದ ನಮ್ಮ ಮನೆಯ ಮಾಳಿಗೆಯಿಂದ ಗೋಳಗುಮ್ಮಟ ಕಾಣುತ್ತದೆ. ಅದು ಮುಗಿದದ್ದು 1656ರಲ್ಲಿ, ಕ್ರಿಸ್ಟೊಫರನ ಸಾವಿಗೆ ಮೂರೇ ವರ್ಷ ಮೊದಲು. ಅದರ ಮುಂದೆ ಇವು ಮಕ್ಕಳ ಆಟಿಕೆಗಳು, ನಿಜ. ಆದರೂ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಆ ಮನೆಯನ್ನು ಮಾರಲು ತಮ್ಮ ಕಳಿಸಿದ್ದ ಒಪ್ಪಿಗೆಪತ್ರ ಮೂರು ವಾರಗಳಿಂದ ನಮ್ಮ ಕಪಾಟಿನಲ್ಲಿತ್ತು. ಪಾಲಿನ ಮಾತು ಬಂದ ಮೇಲೆ ತಮ್ಮನಿಗೂ ನಮಗೂ ಫೋನಿನಲ್ಲಿ ಸುಖದುಃಖದ ಮಾತು ನಿಂತೇಹೋಗಿತ್ತು. ಇಲ್ಲಿ ಇಬ್ಬರು ಸಹೋದರರು ಒಂದೇ ಸೂರಿನಡಿ ಮುನ್ನೂರೈವತ್ತು ವರ್ಷಗಳಿಂದ ಮಲಗಿದ್ದಾರೆ, ತಮ್ಮ ಊರಿನಿಂದ ಅಷ್ಟು ದೂರದಲ್ಲಿ.

ಅಂದು ರಾತ್ರಿ ತಮ್ಮನಿಗೆ ಫೋನು ಮಾಡಿ, ಸಹಿ ಹಾಕುವ ಮೊದಲು ನಾಲ್ಕು ದಿನ ಆ ಮನೆಯಲ್ಲಿ ಇದ್ದು ಹೋಗುತ್ತೇವೆಂದೆವು. ಅವನು ಸ್ವಲ್ಪ ತಡೆದು ಹೇಳಿದ: "ಬರ್ರಿ ಅಣ್ಣಾ. ಆದರ ಮಾಳಿಗಿ ಸೋರಾಕತ್ತೈತಿ, ನಡುಮನ್ಯಾಗ ಮಲಗಬೇಕಾಗತೈತಿ."